ಕಬ್ಬಿಣ ಕೆಳಗಿಟ್ಟ ಮೇಲೆ

ಫೆರೆಟಿ ಬಿದ್ದದ್ದು ಒಂದು ಶನಿವಾರ ಬೆಳಿಗ್ಗೆ, ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ. ಮಗಳು ಎಟೆವಿಸೆ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಅಪ್ಪ ವ್ಯಾಯಾಮಕ್ಕೆ ಎತ್ತುವ ಕಬ್ಬಿಣದ ತಟ್ಟೆಗಳು ಸಿಮೆಂಟು ನೆಲಕ್ಕೆ ಬಡಿಯುವ ಸದ್ದು ಆ ಮನೆಗೆ ಹೊಸದಲ್ಲ. ಆದರೆ ಪ್ರತಿ ಸಲ ಆ ಸದ್ದಿನ ಬೆನ್ನಿಗೇ ಅಪ್ಪ ಗಂಟಲಿನಿಂದ ಹೊರಡಿಸುವ ದೊಡ್ಡ ಉಸಿರು ಕೇಳಿಸುತ್ತಿತ್ತು. ಅಂದು ಕೇಳಿಸಲಿಲ್ಲ.

"ಅಪ್ಪಾ?" ಎಂದಳು. ಉತ್ತರವಿಲ್ಲ. ಒದ್ದೆ ಬಟ್ಟೆಯನ್ನು ಅಲ್ಲೇ ಬಿಸಾಡಿ ಓಡಿದಳು.

ಫೆರೆಟಿ ಅಂಗಾತ ಬಿದ್ದಿದ್ದ. ಕಣ್ಣು ತೆರೆದಿತ್ತು, ನೋಟವಿರಲಿಲ್ಲ. ಭಾರದ ಸರಳು ಅವನ ಕತ್ತಿನಿಂದ ಗೇಣು ದೂರದಲ್ಲಿ ಇನ್ನೂ ಉರುಳಾಡುತ್ತಿತ್ತು. ಎಟೆವಿಸೆಯ ಕೂಗಿಗೆ ಅಮ್ಮ ಲೆಪೆಕಾ ಓಡಿ ಬಂದಳು. ಒಲೆಮನೆಯಿಂದ ಅಜ್ಜಿ ಸಿನಿವಾ ಕೂಡ ಬಂದಳು. ಆದರೆ ಅಜ್ಜಿ ಒಳಗೆ ಕಾಲಿಡಲಿಲ್ಲ. ಬಾಗಿಲ ಕಂಬವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು.

"ಇವನೂ ಹೋದ್ನಾ?" ಎಂದು ಕೇಳಿದಳು.

"ಇಲ್ಲ ಅಮ್ಮ, ಉಸಿರಾಡ್ತಿದಾನೆ!" ಎಂದಳು ಲೆಪೆಕಾ.

"ಇವನೂ ಹೋದ," ಎಂದಳು ಸಿನಿವಾ, ಸೊಸೆಯ ಮಾತು ಕೇಳಿಸಲೇ ಇಲ್ಲವೆಂಬಂತೆ.

ಪಕ್ಕದ ಮನೆಯ ಉಯೆಲೆ ತನ್ನ ಪಿಕಪ್ ಗಾಡಿ ತಂದ. ದ್ವೀಪದ ಆಪಿಯಾ ಪೇಟೆಯ ಆಸ್ಪತ್ರೆ ತಲುಪುವಷ್ಟರಲ್ಲಿ ಫೆರೆಟಿ ಎದ್ದು ಕೂತು, "ನನ್ನನ್ನ ಎಲ್ಲಿಗೆ ಕರ್ಕೊಂಡು ಹೋಗ್ತಿದೀರಿ?" ಎಂದು ಜಗಳಕ್ಕೆ ನಿಂತಿದ್ದ.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಎದೆಗೆ ತಂತಿ ಅಂಟಿಸಿ ನೋಡಿದಳು, ರಕ್ತ ತೆಗೆದು ನೋಡಿದಳು. ಮಧ್ಯಾಹ್ನ ಬಂದು ಮಂಚದ ಪಕ್ಕ ಕೂತಳು.

"ನಿಮ್ಮ ಗುಂಡಿಗೆ ಚೆನ್ನಾಗಿದೆ."

"ಮತ್ತೆ ಯಾಕೆ ಬಿದ್ದೆ?"

"ಹೊಟ್ಟೆಗಿಲ್ಲದೆ."

ಲೆಪೆಕಾ ತಲೆ ತಗ್ಗಿಸಿದಳು. ಅವರ ಊರಿನಲ್ಲಿ ಗಂಡ ಹೊಟ್ಟೆಗಿಲ್ಲದೆ ಬಿದ್ದ ಎಂದರೆ ಹೆಂಡತಿಯ ಮುಖಕ್ಕೆ ಮಸಿ ಬಳಿದ ಹಾಗೆ.

"ಏನು ತಿಂತೀರಿ ದಿನಾ?" ಎಂದು ಡಾಕ್ಟರು ಕೇಳಿದಳು.

"ಬೇಯಿಸಿದ ಕೋಳಿ, ಎದೆಭಾಗ ಮಾತ್ರ. ಮೊಟ್ಟೆ ಬಿಳಿ. ಸೊಪ್ಪು," ಎಂದ ಫೆರೆಟಿ. ಆಮೇಲೆ ಸ್ವಲ್ಪ ಹೆಮ್ಮೆಯಿಂದ, "ಎಲ್ಲಾ ತೂಕ ಮಾಡಿ," ಎಂದು ಸೇರಿಸಿದ.

"ಕಬ್ಬಿಣ ಎತ್ತೋದು?"

"ಬೆಳಿಗ್ಗೆ, ಸಾಯಂಕಾಲ."

"ಭಾನುವಾರಾನೂ?"

ಫೆರೆಟಿ ಹೆಂಡತಿಯ ಕಡೆ ನೋಡಿದ. ಭಾನುವಾರ ಊರಿನಲ್ಲಿ ಯಾರೂ ಕೆಲಸ ಮಾಡುವಂತಿಲ್ಲ. ಅವನು ಶೆಡ್ಡಿನ ಬಾಗಿಲು ಹಾಕಿಕೊಂಡು, ಸದ್ದಾಗದಂತೆ ಚಾಪೆ ಹಾಸಿ ಎತ್ತುತ್ತಿದ್ದ.

"ಎರಡು ತಿಂಗಳು ಬಿಡುವು," ಎಂದಳು ಡಾಕ್ಟರು. "ಶೆಡ್ಡಿನ ಕಡೆ ತಲೆ ಹಾಕ್ಬೇಡಿ. ತಕ್ಕಡಿ ಎತ್ತಿಡಿ. ಮನೇಲಿ ಎಲ್ರೂ ತಿನ್ನೋದನ್ನೇ ತಿನ್ನಿ. ಹೆಚ್ಚು ಬೇಡ, ಕಡಿಮೇನೂ ಬೇಡ. ಸಂಜೆ ನಡೀರಿ, ರಾತ್ರಿ ಮಲಗಿ."

"ನಿಲ್ಲಿಸಿದ್ರೆ ನಾನು ಸಾಯ್ತೀನಿ."

"ನಿಲ್ಲಿಸದಿದ್ರೆ ಮುಂದಿನ ಸಲ ಆ ಸರಳು ಕತ್ತಿನ ಮೇಲೇ ಬೀಳುತ್ತೆ. ಪೂರ್ತಿ ಬಿಡಿ ಅಂತಿಲ್ಲ ನಾನು. ಬಿಡುವು ತಗೊಳ್ಳಿ ಅಂತಿದೀನಿ."

ಬಂದರಿನ ಗೋದಾಮಿನಲ್ಲಿ ಹತ್ತು ಹನ್ನೆರಡು ಆಳುಗಳನ್ನು ನಡೆಸುವ ಮೇಸ್ತ್ರಿ ಅವನು. ಹೊಟ್ಟೆಬಾಕನೂ ಅಲ್ಲ, ಶೋಕಿಯವನೂ ಅಲ್ಲ. ನಾಲ್ಕು ವರ್ಷದ ಹಿಂದಿನವರೆಗೆ ಎಲ್ಲರ ಹಾಗೆ ಕೆಸುವಿನ ಗಡ್ಡೆ, ದೀವಿಹಲಸು, ಉಪ್ಪುಮಾಂಸ ತಿಂದುಕೊಂಡು ಇದ್ದವನೇ. ನಾಲ್ಕು ವರ್ಷದ ಹಿಂದೆ, ಭಾನುವಾರ ಚರ್ಚಿನಿಂದ ಬಂದ ಮೇಲೆ, ತಾಯಿಯ ಊಟದ ಚಾಪೆಯ ಮೇಲೆ ಅವನ ಅಣ್ಣ ಆಪೆಲು ಸತ್ತ. ಕೆಸುವಿನ ಎಲೆಯಲ್ಲಿ ತೆಂಗಿನ ಹಾಲು ಕಟ್ಟಿ ಕಾದ ಕಲ್ಲಿನ ಮೇಲೆ ಬೇಯಿಸಿದ ಪಲುಸಾಮಿ ಎಂದರೆ ಆಪೆಲುವಿಗೆ ಪ್ರಾಣ. "ಅಮ್ಮ, ಇನ್ನೊಂದು" ಎಂದು ಕೈ ಚಾಚಿದವನು ಹಾಗೇ ಮುಂದಕ್ಕೆ ಬಿದ್ದ. ಅವನಿಗಾಗ ನಲವತ್ತೊಂಬತ್ತು.

ಈ ವರ್ಷ ಫೆರೆಟಿ ಆ ವಯಸ್ಸಿಗೆ ಬಂದಿದ್ದ.

ತಾಯಿಯ ಅಡುಗೆಯಿಂದ ಅಣ್ಣ ಸತ್ತನೆಂದು ಅವನು ಯಾವತ್ತೂ ಬಾಯಿಬಿಟ್ಟು ಹೇಳಲಿಲ್ಲ. ಸಮಾಧಿಯ ಕಲ್ಲು ಕಟ್ಟಿಸಿದ ಮೇಲೆ ಅವಳ ಕೈಯಿಂದ ಒಂದು ತುತ್ತನ್ನೂ ಮುಟ್ಟಲಿಲ್ಲ, ಅಷ್ಟೆ. ಭಾನುವಾರ ಎಲ್ಲರೂ ಚಾಪೆಯ ಮೇಲೆ ಕೂತಾಗ ಅವನು ಮೆಟ್ಟಿಲ ಮೇಲೆ ಕೂತು, ಪ್ಲಾಸ್ಟಿಕ್ ಡಬ್ಬಿಯಲ್ಲಿ ತನ್ನ ಕೋಳಿ ತಿನ್ನುತ್ತಿದ್ದ. ಸಿನಿವಾ ಪ್ರತಿ ವಾರವೂ ಅವನ ಪಾಲಿನ ತಟ್ಟೆ ಬಡಿಸಿ, ಮೇಲೊಂದು ಬಾಳೆಲೆ ಮುಚ್ಚಿ ಇಡುತ್ತಿದ್ದಳು. ಸಂಜೆ ಅದನ್ನು ನೆರೆಮನೆಗೆ ಕಳಿಸುತ್ತಿದ್ದಳು.

ಆಸ್ಪತ್ರೆಯಿಂದ ಬಂದ ದಿನ ಸೊಸೆ ಒಲೆಮನೆಗೆ ಹೋಗಿ ಅತ್ತೆಯ ಮುಂದೆ ನಿಂತಳು.

"ಅಮ್ಮ, ಡಾಕ್ಟರು ಹೇಳಿದ್ದು ಕೇಳಿಸ್ಕೊಂಡ್ರಲ್ಲ. ಇನ್ಮೇಲೆ ಅವನು ಮನೆ ಊಟಾನೇ ಮಾಡ್ಬೇಕಂತೆ. ಇವತ್ತು ನೀವೇ ಮಾಡಿ. ನಿಮಗೆ ಎಷ್ಟು ದಿನದ ಆಸೆ."

ಸಿನಿವಾ ಬೂದಿ ಕೆದಕುತ್ತಿದ್ದಳು. "ನನ್ನ ಮಂಡಿ ನೋವು."

"ಬೆಳಿಗ್ಗೆ ಬಾವಿಯಿಂದ ನೀರು ತಂದ್ರಲ್ಲ?"

"ಅದಕ್ಕೇ ನೋವು."

"ಒಂದು ಸಾರಾದ್ರೂ ಮಾಡಿ."

"ಲೆಪೆಕಾ," ಎಂದಳು ಮುದುಕಿ, "ನನ್ನ ಕೈಲಿ ಆ ಹುಡುಗನಿಗೆ ಬಡಿಸು ಅನ್ಬೇಡ. ಬೇರೆ ಏನಾದ್ರೂ ಹೇಳು. ಹಂದಿ ಕೊಟ್ಟಿಗೆ ತೊಳಿ ಅನ್ನು, ತೊಳೀತೀನಿ."

ಲೆಪೆಕಾ ಶಾಲೆಯ ಟೀಚರು. ಬೆಳಿಗ್ಗೆ ಬಸ್ಸು ಹಿಡಿದರೆ ಸಂಜೆಗೇ ಮನೆ. ಅಡುಗೆ ಎಟೆವಿಸೆಯ ತಲೆಗೆ ಬಂತು. ಅವಳಿಗೆ ಇಪ್ಪತ್ತು ವರ್ಷ. ಬೇಕರಿಯಲ್ಲಿ ಬೆಳಗಿನ ಪಾಳಿ ಮುಗಿಸಿ ಬಂದು, ಗೊಣಗುತ್ತಲೇ ಗಡ್ಡೆ ಹೆರೆಯುತ್ತಿದ್ದಳು.

ಮೊದಲ ವಾರದ ಊಟಗಳನ್ನು ಊಟ ಎನ್ನುವಂತಿರಲಿಲ್ಲ. ಫೆರೆಟಿ ಚಾಪೆಯ ಮೇಲೆ ಕೂರುತ್ತಿದ್ದ, ನಿಜ. ಒಂದು ತುಂಡು ಗಡ್ಡೆ ಬಾಯಿಗಿಟ್ಟು, ಎರಡು ಬೆರಳು ಕತ್ತಿನ ನರದ ಮೇಲೆ ಒತ್ತಿ, ಗೋಡೆ ಗಡಿಯಾರ ನೋಡುತ್ತ ಅಗಿಯುತ್ತಿದ್ದ. ಅವನು ಅಗಿಯುವುದನ್ನು ಲೆಪೆಕಾ ನೋಡುತ್ತಿದ್ದಳು. ಅವಳು ನೋಡುವುದನ್ನು ಮಗಳು ನೋಡುತ್ತಿದ್ದಳು. ಸಿನಿವಾ ಯಾರ ಮುಖವನ್ನೂ ನೋಡದೆ ಬೀಸಣಿಗೆಯಿಂದ ನೊಣ ಓಡಿಸುತ್ತಿದ್ದಳು.

"ಅಪ್ಪಾ, ಕತ್ತಿಂದ ಕೈ ತೆಗಿ. ತುತ್ತು ಗಂಟಲಲ್ಲಿ ಇಳಿಯಲ್ಲ ನನಗೆ."

"ನಿನಗೇನೇ ಗೊತ್ತು?"

"ನಾನು ಮಾಡಿದ ಅಡುಗೆ ಅಷ್ಟು ಕೆಟ್ಟದಾಗಿದ್ರೆ ಬಾಯಿಬಿಟ್ಟು ಹೇಳು. ಹೆಣದ ನಾಡಿ ನೋಡೋ ಹಾಗೆ ನೋಡ್ಕೋಬೇಡ."

"ಎಟೆವಿಸೆ!" ಲೆಪೆಕಾ ಗದರಿದಳು. ಹೆಣ ಎಂಬ ಮಾತು ಆ ಚಾಪೆಯ ಮೇಲೆ ಬೀಳಬಾರದಿತ್ತು. ಸಿನಿವಾಳ ಬೀಸಣಿಗೆ ನಿಂತಿತ್ತು.

ಎರಡನೆಯ ವಾರ ಫೆರೆಟಿಯ ಕೆನ್ನೆ ಸ್ವಲ್ಪ ತುಂಬಿತು. ಕಣ್ಣಿನ ಕೆಳಗಿನ ಗುಳಿ ಮುಚ್ಚಿತು. ಸಂಜೆ ಅವನು ರಸ್ತೆಯಲ್ಲಿ ನಡೆಯಲು ಹೊರಟರೆ, ಅಂಗಡಿ ಕಟ್ಟೆಯ ಹೆಂಗಸರು ಬಾಯ್ತುಂಬ ಹೊಗಳುತ್ತಿದ್ದರು.

"ಏ ಫೆರೆಟಿ, ದಪ್ಪ ಆಗಿದೀಯಲ್ಲೋ! ಈಗ ನೋಡೋಕೆ ಚೆನ್ನಾಗಿದೀಯ."

"ಮೊದಲು ಒಣಗಿದ ಮೀನಿನ ಹಾಗಿದ್ದ. ಲೆಪೆಕಾ ಈಗ ಏನು ಹಾಕ್ತಿದಾಳೆ ಕಣೋ?"

ಒಳ್ಳೆಯ ಮನಸ್ಸಿನಿಂದ ಆಡಿದ ಮಾತು. ಅವನು ಅರ್ಧದಾರಿಯಿಂದಲೇ ಮನೆಗೆ ಬಂದು, ಅಂಗಿ ಎತ್ತಿ, ಕನ್ನಡಿಯ ಮುಂದೆ ಹೊಟ್ಟೆಯ ಚರ್ಮ ಹಿಡಿದು ನೋಡಿಕೊಂಡ. ಬೆವರಿದ್ದ.

"ಲೆಪೆಕಾ, ಶೆಡ್ಡಿನ ಕೀಲಿ ಕೊಡು."

"ಯಾಕೆ?"

"ಬರೀ ಖಾಲಿ ಸರಳು ಎತ್ತೀನಿ. ತಟ್ಟೆ ಹಾಕಲ್ಲ."

"ಕುಡಿತ ಬಿಡೋಕೆ ಹೋದೋನು ಖಾಲಿ ಬಾಟ್ಲಿ ಮೂಸ್ತೀನಿ ಅಂದ ಹಾಗಾಯ್ತು."

"ಅಣ್ಣನಿಗೂ ಹೀಗೇ ಶುರುವಾಗಿದ್ದು. ಮೊದಲು ಕೆನ್ನೆ, ಆಮೇಲೆ ಹೊಟ್ಟೆ. ಎಲ್ರೂ ಚೆಂದ ಚೆಂದ ಅಂದ್ರು. ಚೆಂದ ಅಂತಂತಾನೇ ಹೂತುಬಂದ್ರು."

"ಆಪೆಲು ಸಿಗರೇಟು ಸೇದ್ತಿದ್ದ. ಎದೆ ನೋವು ಅಂದ್ರೂ ಆಸ್ಪತ್ರೆ ಮೆಟ್ಟಿಲು ಹತ್ತಿದವನಲ್ಲ. ನೀನು ಅವನಲ್ಲ."

"ಒಂದೇ ತಾಯಿ, ಒಂದೇ ತಂದೆ, ಒಂದೇ—" ಎಂದವನು ನಿಲ್ಲಿಸಿದ. ಒಂದೇ ಒಲೆ ಎನ್ನಲು ಹೊರಟಿದ್ದ. ಪಕ್ಕದಲ್ಲೇ ಸಿನಿವಾ ಚಾಪೆ ನೇಯಲು ಎಲೆ ಸೀಳುತ್ತ ಕೂತಿದ್ದಳು. ಅವಳ ಕೈ ನಿಲ್ಲಲಿಲ್ಲ. ಆದರೆ ಅವನು ನುಂಗಿದ ಮಾತು ಅವಳಿಗೆ ಕೇಳಿಸಿತ್ತು.

ಲೆಪೆಕಾ ಕೀಲಿ ಕೊಡಲಿಲ್ಲ.

ಆ ಭಾನುವಾರ ಎಟೆವಿಸೆ ಹಟ ಹಿಡಿದು ಪಲುಸಾಮಿ ಮಾಡಿದಳು. "ಎಷ್ಟು ದಿನ ಅಂತ ಒಂದು ಎಲೆಗೆ ಹೆದರ್ಕೊಂಡು ಇರೋದು?" ಎಂದಳು. ಫೆರೆಟಿ ಬಹಳ ಹೊತ್ತು ಅದನ್ನೇ ನೋಡಿ, ಒಂದು ತುತ್ತು ತಿಂದ. ಇನ್ನೊಂದು ತಿಂದ. ನಾಲ್ಕು ವರ್ಷದ ಮೇಲೆ ತೆಂಗಿನ ಹಾಲು ನಾಲಿಗೆಗೆ ಬಿದ್ದಿತ್ತು. ತಡೆಯಲಾರದೆ ಪೂರ್ತಿ ತಿಂದ. ಲೆಪೆಕಾ ಸಂತೋಷಕ್ಕೆ ಎಲ್ಲಿ ಅತ್ತುಬಿಡುತ್ತೇನೋ ಎಂದು ನೀರು ತರುವ ನೆಪದಲ್ಲಿ ಎದ್ದಳು.

ಅವಳು ನೀರು ತರುವಷ್ಟರಲ್ಲಿ ಫೆರೆಟಿ ಎದೆ ಹಿಡಿದು ಕೂತಿದ್ದ.

"ಉರಿ," ಎಂದ. "ಇಲ್ಲಿ. ಉರೀತಿದೆ."

ಸಿನಿವಾ ಚಾಪೆಯಿಂದ ಹಿಂದಕ್ಕೆ ಸರಿದಳು. ಎಟೆವಿಸೆ ತಾನು ಬಡಿಸಿದ ತಟ್ಟೆಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. ಯಾಕೆ ಹಾಗೆ ಮಾಡಿದಳೆಂದು ಅವಳಿಗೇ ಗೊತ್ತಿಲ್ಲ. ಮತ್ತೆ ಉಯೆಲೆಯ ಗಾಡಿ, ಮತ್ತೆ ಆಸ್ಪತ್ರೆ, ಮತ್ತೆ ಎದೆಗೆ ತಂತಿ. ದಾರಿಯುದ್ದಕ್ಕೂ ಲೆಪೆಕಾ ಗಂಡನ ಕೈ ಹಿಡಿದು ಒಂದೇ ಪ್ರಾರ್ಥನೆಯನ್ನು ಅರ್ಧಕ್ಕೆ ಮರೆತು, ಮೊದಲಿನಿಂದ ಶುರುಮಾಡಿ, ಮತ್ತೆ ಮರೆಯುತ್ತಿದ್ದಳು.

"ಗ್ಯಾಸು," ಎಂದಳು ಅದೇ ಡಾಕ್ಟರು. "ನಾಲ್ಕು ವರ್ಷ ಜಿಡ್ಡು ಕಾಣದ ಹೊಟ್ಟೆಗೆ ಒಂದೇ ಸಲ ಅಷ್ಟು ತೆಂಗಿನ ಹಾಲು ಹಾಕಿದ್ರೆ ಇನ್ನೇನಾಗುತ್ತೆ? ಸ್ವಲ್ಪ ಸ್ವಲ್ಪ ತಿನ್ನಿ."

ವಾಪಸು ಬರುವಾಗ ಉಯೆಲೆ ನಗು ತಡೆಯಲಾರದೆ, "ಒಂದು ತೇಗಿಗೆ ನನ್ನ ಡೀಸೆಲ್ಲೆಲ್ಲಾ ಖಾಲಿ!" ಎಂದ. ಯಾರೂ ನಗಲಿಲ್ಲ.

ಮನೆಗೆ ಬಂದಾಗ ಸಿನಿವಾ ಚರ್ಚಿಗೆ ಉಟ್ಟ ಬಿಳಿಯ ಬಟ್ಟೆಯಲ್ಲೇ, ಬಾಗಿಲ ಕಡೆಗೆ ಬೆನ್ನು ಮಾಡಿ ಕೂತಿದ್ದಳು.

"ಅಜ್ಜಿ, ಅಪ್ಪನಿಗೆ ಏನೂ ಆಗಿಲ್ಲ. ಬರೀ ಗ್ಯಾಸು," ಎಂದಳು ಎಟೆವಿಸೆ.

"ಆಪೆಲುಗೂ ನಾನು ಗ್ಯಾಸು ಅಂದ್ಕೊಂಡಿದ್ದೆ," ಎಂದಳು ಸಿನಿವಾ. ಅಂದು ರಾತ್ರಿಯ ಊಟಕ್ಕೆ ಅವಳು ಬರಲಿಲ್ಲ.

ಮರುದಿನದಿಂದ ಮನೆಯ ಗಮನವೆಲ್ಲ ಫೆರೆಟಿಯ ತಟ್ಟೆಯ ಮೇಲೇ. ಮುದುಕಿಯ ತಟ್ಟೆಯನ್ನು ಯಾರೂ ನೋಡಲಿಲ್ಲ. ನೋಡಿದ್ದು ಎಟೆವಿಸೆ ಒಬ್ಬಳೇ. ಅಜ್ಜಿ ಗಡ್ಡೆಯನ್ನು ಮುರಿದು ಮುರಿದು ಸುತ್ತ ಹರಡುತ್ತಿದ್ದಳು, ತುಟಿಗೆ ಏನೂ ತಾಗುತ್ತಿರಲಿಲ್ಲ. ಆಮೇಲೆ ತಟ್ಟೆ ಎತ್ತಿಕೊಂಡು ಹೋಗಿ ಹಿತ್ತಲಿನ ನಾಯಿಗೆ ಸುರಿಯುತ್ತಿದ್ದಳು. ಹುಡುಗಿ ಒಂದು ದಿನ ಕೇಳಿಯೇಬಿಟ್ಟಳು.

"ಅಜ್ಜಿ, ಉಪವಾಸ ಮಾಡ್ತಿದೀಯಾ?"

"ಶ್! ಇದು ದೇವರಿಗೂ ನನಗೂ ಇರೋ ಮಾತು."

"ಏನು ಮಾತು?"

"ಒಬ್ರು ಬೇಕಿದ್ರೆ ನನ್ನನ್ನ ತಗೋ, ಅವನನ್ನ ಬಿಡು ಅಂತ." ನಂತರ ಮೊಮ್ಮಗಳ ಮಣಿಕಟ್ಟು ಹಿಡಿದುಕೊಂಡಳು. "ನಿಮ್ಮಪ್ಪನಿಗೆ ಹೇಳಿದ್ರೆ ನಿನ್ನ ಜೊತೆ ಮಾತಾಡಲ್ಲ ನಾನು. ಸಾಯೋವರೆಗೂ."

ಇಂಥ ಬೆದರಿಕೆಗೆ ಇಪ್ಪತ್ತರ ಹುಡುಗಿ ಏನು ಮಾಡಬೇಕು? ಅಜ್ಜಿಗೆ ಎಳನೀರು ಕೊಟ್ಟು ಕೊಟ್ಟು ಬಲವಂತ ಮಾಡಿದಳು. ಅಷ್ಟು ಮಾತ್ರ ಮುದುಕಿ ಕುಡಿದಳು. ಎಟೆವಿಸೆ ಬೇಕರಿಯಲ್ಲಿ ಬ್ರೆಡ್ಡು ಸುಟ್ಟು ಬೈಸಿಕೊಂಡಳು. ಮನೆಗೆ ಬರುವಾಗ ದಿನವೂ ಮೊದಲು ಮನೆಯ ಮುಂದೆ ಜನ ಸೇರಿದ್ದಾರೆಯೇ ಎಂದು ಬಸ್ಸಿನ ಕಿಟಕಿಯಿಂದ ನೋಡುತ್ತಿದ್ದಳು.

ಇತ್ತ ಫೆರೆಟಿ ಸ್ವಲ್ಪ ಸುಧಾರಿಸಿದ್ದ. ರಾತ್ರಿ ನಿದ್ದೆ ಹತ್ತುತ್ತಿತ್ತು. ಗೋದಾಮಿನಲ್ಲಿ ಆಳುಗಳ ಮೇಲೆ ಕೂಗಾಡುವುದು ಕಡಿಮೆಯಾಗಿದೆಯೆಂದು ಅವರೇ ಹೇಳಿದರು. ಆದರೂ ಪ್ರತಿ ಸಂಜೆ ಶೆಡ್ಡಿನ ಬೀಗವನ್ನು ಒಮ್ಮೆ ಎಳೆದು ನೋಡಿ ಬರುತ್ತಿದ್ದ.

ಹೀಗೇ ಮೂರ್ನಾಲ್ಕು ವಾರ ಕಳೆದು, ಒಂದು ಗುರುವಾರ ಮಧ್ಯಾಹ್ನ ಅವನು ಬೇಗ ಮನೆಗೆ ಬಂದಿದ್ದ. ಎಟೆವಿಸೆ ಒಲೆಯ ಮುಂದೆ ಇದ್ದಳು. ಸಿನಿವಾ ಅರ್ಧ ನೇಯ್ದ ಚಾಪೆಯಿಂದ ಏಳಲು ಹೋದಳು. ಒಂದು ಕೈ ನೆಲಕ್ಕೆ ಊರಿದಳು, ಮೊಣಕಾಲು ಎತ್ತಿದಳು, ಹಾಗೇ ಮಡಿಸಿದ ಬಟ್ಟೆಯಂತೆ ಕೂತಲ್ಲೇ ಕುಸಿದಳು.

"ಅಮ್ಮಾ!"

ಫೆರೆಟಿ ಅವಳನ್ನು ಎತ್ತಿಕೊಂಡ. ತನ್ನ ಎರಡರಷ್ಟು ಭಾರ ಎತ್ತಿದ ಕೈಗಳು ಅವು. ಎತ್ತುವ ಮೊದಲೇ ಯಾವುದು ಎಷ್ಟು ತೂಗುತ್ತದೆಂದು ಅವಕ್ಕೆ ಗೊತ್ತಾಗುತ್ತಿತ್ತು. ದಪ್ಪ ಮೈಯ ತಾಯಿಯನ್ನು ಎತ್ತಲೆಂದು ಕಾಲೂರಿ ನಿಂತವನು ಹಿಂದಕ್ಕೆ ಮುಗ್ಗರಿಸಿದ. ತೋಳಿನಲ್ಲಿ ಏನೂ ಇರಲಿಲ್ಲ. ಸಡಿಲ ಬಟ್ಟೆಯೊಳಗೆ ಮೂಳೆ, ಮೂಳೆಯ ಮೇಲೆ ಬಿಸಿ ಚರ್ಮ.

"ಇವಳಿಗೇನಾಗಿದೆ? ಎಟೆವಿಸೆ! ಇವಳಿಗೇನಾಗಿದೆ? ತೂಕಾನೇ ಇಲ್ಲ!"

ಹುಡುಗಿ ಬಾಗಿಲಲ್ಲಿ ನಿಂತು ಅತ್ತಳು. ಅಳುತ್ತಲೇ ಎಲ್ಲವನ್ನೂ ಹೇಳಿದಳು.

ಆಸ್ಪತ್ರೆಯಲ್ಲಿ ಸಿನಿವಾಳಿಗೆ ಎರಡು ದಿನ ಗ್ಲೂಕೋಸ್ ಬಾಟ್ಲಿ ಏರಿಸಿದರು. ಇನ್ನೊಂದು ವಾರ ಹೀಗೇ ಬಿಟ್ಟಿದ್ದರೆ ಉಳಿಯುತ್ತಿರಲಿಲ್ಲ ಎಂದರು. ಶನಿವಾರ ಮನೆಗೆ ಕಳಿಸುವಾಗ, ಮೆತ್ತಗಿನದು ಏನಾದರೂ ಸ್ವಲ್ಪ ಸ್ವಲ್ಪ ತಿನ್ನಿಸಿ ಎಂದರು. ಸಿನಿವಾ ತಿನ್ನಲಿಲ್ಲ. ಲೆಪೆಕಾ ಬೇಡಿಕೊಂಡಳು, ಪಾದ್ರಿಯ ಹೆಂಡತಿ ಬಂದು ಬುದ್ಧಿ ಹೇಳಿದಳು. ದೇವರು ಇಂಥ ವ್ಯಾಪಾರ ಮಾಡುವುದಿಲ್ಲ ಎಂದಳು. ಮುದುಕಿ ಎಲ್ಲದಕ್ಕೂ ಹೂಂಗುಟ್ಟಿ ತುಟಿ ಬಿಗಿದು ಮಲಗಿದಳು.

ಭಾನುವಾರ ಲೆಪೆಕಾ, ಎಟೆವಿಸೆ ಚರ್ಚಿಗೆ ಹೊರಟರು. "ನಾನಿರ್ತೀನಿ," ಎಂದ ಫೆರೆಟಿ. ಅವರು ಹೋದ ಮೇಲೆ ಒಲೆಮನೆಗೆ ನಡೆದ. ಅಲ್ಲಿ ಅವನಿಗೆ ಯಾವುದು ಎಲ್ಲಿದೆಯೆಂದು ತಿಳಿಯದು. ತಡಕಾಡಿ ಅಕ್ಕಿ ತೆಗೆದ. ಕೋಕೋ ಉಂಡೆಯನ್ನು ತುರಿದು ಕುದಿಸಿದ. ಅಕ್ಕಿ ಬೆಂದ ಮೇಲೆ ತೆಂಗಿನ ಹಾಲು ಹಿಂಡಿದ. ಚಿಕ್ಕಂದಿನಲ್ಲಿ ಭಾನುವಾರ ಸಂಜೆ ಅಣ್ಣ ತಮ್ಮಂದಿರು ಒಂದೇ ಬಟ್ಟಲಿನಿಂದ ತಿಂದ ಅನ್ನ ಅದು. ಸಕ್ಕರೆ ಡಬ್ಬಿಯ ಮುಂದೆ ಮಾತ್ರ ಚಮಚ ಹಿಡಿದು ಬಹಳ ಹೊತ್ತು ನಿಂತ. ಒಂದು ಚಮಚ ಹಾಕಿ ಮುಚ್ಚಳ ಮುಚ್ಚಿದ.

ಬಟ್ಟಲನ್ನು ತಂದು ತಾಯಿಯ ತಲೆದೆಸೆಯಲ್ಲಿ ಕೂತ.

"ಅಮ್ಮ, ಏಳು. ನಾನೇ ಮಾಡಿದ್ದು."

ಸಿನಿವಾ ಕಣ್ಣು ತೆರೆದಳು. "ಒಲೆ ಹೊತ್ತಿಸೋಕೆ ಬಂತಾ ನಿನಗೆ?"

"ಬಂತು. ತಿನ್ನು."

"ಬೇಡ ಮಗಾ."

"ಯಾಕೆ?"

"ನಾನು ತಿಂದ್ರೆ ಮಾತು ಮುರಿದ ಹಾಗೆ. ಆಮೇಲೆ ನಿನಗೇನಾದ್ರೂ ಆದ್ರೆ?"

ಫೆರೆಟಿ ಬಟ್ಟಲು ಕೆಳಗಿಟ್ಟ. ಚರ್ಚಿನ ಹಾಡು ದೂರದಿಂದ ಕೇಳುತ್ತಿತ್ತು. ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

"ನಾನು ಕೇಳೋದಕ್ಕೆ ನಿಜ ಹೇಳ್ತೀಯಾ?" ಎಂದಳು ಸಿನಿವಾ.

"ಕೇಳು."

"ಅವನನ್ನ ಕೊಂದಿದ್ದು ನನ್ನ ಅಡುಗೇನಾ?"

ಇಲ್ಲ ಎನ್ನಬೇಕಿತ್ತು. ಲೆಪೆಕಾ ಇದ್ದಿದ್ದರೆ ತಟ್ಟನೆ ಇಲ್ಲ ಎನ್ನುತ್ತಿದ್ದಳು. ಅಲ್ಲಿದ್ದವನು ಫೆರೆಟಿ. ನಾಲ್ಕು ವರ್ಷ ಮೆಟ್ಟಿಲ ಮೇಲೆ ಕೂತು ತಿಂದವನು ಅವನು.

"ಗೊತ್ತಿಲ್ಲ ಅಮ್ಮ," ಎಂದ. "ಅವನ ಎದೆ ಮೊದಲೇ ಕೆಟ್ಟಿತ್ತು ಅಂತಾರೆ. ಇರಬಹುದು. ಅದು ನಿನ್ನ ತಪ್ಪು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಆದ್ರೆ ನಿನ್ನ ತಟ್ಟೆ ನೋಡಿದ್ರೆ ಅವನು ಬಿದ್ದಿದ್ದೇ ಕಣ್ಣ ಮುಂದೆ ಬರುತ್ತೆ. ನನಗೆ ಭಯ. ಅಷ್ಟೇ. ಬೇರೆ ಏನೂ ಇಲ್ಲ."

ಸಿನಿವಾ ಮಗನ ಮುಖವನ್ನೇ ನೋಡಿದಳು. ಸುಳ್ಳು ಹೇಳಿದ್ದರೆ ಅವಳಿಗೆ ಗೊತ್ತಾಗುತ್ತಿತ್ತು.

"ಭಯ ಅಂತ ಒಂದು ಮಾತು ಹೇಳ್ಬಾರ್ದಿತ್ತೇನೋ, ಕತ್ತೆ?" ಎಂದಳು. "ನಾಲ್ಕು ವರ್ಷ ನಾನು ಅದನ್ನ ಸಿಟ್ಟು ಅಂದ್ಕೊಂಡಿದ್ದೆ."

"ಏಳಮ್ಮ. ತಣ್ಣಗಾಗುತ್ತೆ."

"ನೀನು ಮೊದಲು ತಿನ್ನು."

"ನೀನು ತಿನ್ನು, ಆಮೇಲೆ ನಾನು."

"ಎಂಬತ್ತು ಹತ್ತಿರ ಬಂದೋಳು ನಾನು. ನನ್ನ ಮುಂದೆ ಹಟ ಮಾಡ್ಬೇಡ."

ಅವನು ಬೆನ್ನಿಗೆ ಕೈ ಕೊಟ್ಟು ಅವಳನ್ನು ಗೋಡೆಗೆ ಒರಗಿಸಿದ. ಒಂದು ಚಮಚ ತಾನು ತಿಂದ. ಒಂದು ಚಮಚ ಅವಳ ಬಾಯಿಗೆ ಹಿಡಿದ. ಸಿನಿವಾಳ ತುಟಿ ತೆರೆಯಿತು. ನುಂಗಿದ ಮೇಲೆ ಅವಳು ಮುಖ ಕಿವಿಚಿದಳು.

"ಇದಕ್ಕೆ ಸಕ್ಕರೆ ಹಾಕಿದೀಯಾ, ಇಲ್ವಾ?"

"ಹಾಕಿದೀನಿ."

"ಎಲ್ಲಿ, ಡಬ್ಬಿಗಾ?"

ಅವನು ಎದ್ದು ಹೋಗಿ ಡಬ್ಬಿ ತಂದ. ಅವಳು ಸಾಕು ಎನ್ನುವವರೆಗೆ ಹಾಕಿದ.

ಲೆಪೆಕಾ ಚರ್ಚಿನಿಂದ ಮಗಳಿಗಿಂತ ಮುಂಚೆ ಬಂದಳು. ಪಾದ್ರಿಯ ಪ್ರವಚನ ಅರ್ಧದಲ್ಲಿರುವಾಗಲೇ ಎದ್ದು ಬಂದಿದ್ದಳು. ಮನೆ ಸದ್ದಿಲ್ಲದೆ ಇತ್ತು. ಆ ಮೌನಕ್ಕೆ ಹೆದರಿ, ಚಪ್ಪಲಿ ಹೊರಗೇ ಬಿಟ್ಟು, ಮೆಲ್ಲಗೆ ಮೆಟ್ಟಿಲು ಹತ್ತಿ ಕಂಬದ ಹಿಂದೆ ನಿಂತಳು.

ತಾಯಿ ಮಗ ಇಬ್ಬರೂ ಮಾತಿಲ್ಲದೆ ಒಂದೇ ಬಟ್ಟಲಿನಿಂದ ತಿನ್ನುತ್ತಿದ್ದರು. ಒಬ್ಬರು ನುಂಗುವುದನ್ನು ಇನ್ನೊಬ್ಬರು ನೋಡುತ್ತಿದ್ದರು. ಪ್ರತಿ ತುತ್ತಿನ ಮೇಲೂ ಇಬ್ಬರೂ ಸ್ವಲ್ಪ ಹೊತ್ತು ಕಾಯುತ್ತಿದ್ದರು, ಏನಾದರೂ ಆಗುತ್ತದೆಯೋ ಎಂಬಂತೆ. ಏನೂ ಆಗದಿದ್ದಾಗ ಮುಂದಿನ ತುತ್ತು.

ಫೆರೆಟಿಯ ಕೈ ತಟ್ಟನೆ ಎದೆಗೆ ಹೋಯಿತು.

ಲೆಪೆಕಾ ಕಂಬದ ಹಿಂದಿನಿಂದ ಒಂದು ಹೆಜ್ಜೆ ಮುಂದಿಟ್ಟಳು. ಸಿನಿವಾಳ ಕೈಯಲ್ಲಿದ್ದ ಚಮಚ ಅರ್ಧದಲ್ಲೇ ನಿಂತಿತು.

ಅವನು ಅಂಗಿಯ ಮೇಲೆ ಬಿದ್ದಿದ್ದ ಒಂದು ಅಗುಳನ್ನು ಎರಡು ಬೆರಳಲ್ಲಿ ಹೆಕ್ಕಿ, ಬಾಯಿಗೆ ಹಾಕಿಕೊಂಡ.